ಎಡ ತೋಳಿನ ರಫು

ಬೆಳಕು ಎಡ ತೋಳಿನ ಮೇಲೆ ಬಂದಿದೆ, ಈಗ ಸಿಗಬೇಕು, ಕಿಟಕಿಯಿಂದ ಓರೆಯಾಗಿ ಬೀಳುವ ಈ ಬೆಳಗಿನ ಬೆಳಕಿಗೆ ಯಾವ ರಫುವೂ ಅಡಗಿ ಕೂರಲಾರದು, ಅಡುಗೆಮನೆಯ ಮೇಜಿನ ಮೇಲೆ ಹರವಿದ ಬೂದು ಸ್ವೆಟರಿನ ಒಂದೊಂದು ಕುಣಿಕೆಗೂ ಅದರದೇ ನೆರಳು ಹುಟ್ಟಿದೆ, ಕುಣಿಕೆ, ನೆರಳು, ಕುಣಿಕೆ, ನೆರಳು, ಬೆರಳು ಭುಜದಿಂದ ಇಳಿಯುತ್ತದೆ, ಮೊಣಕೈಯ ಹತ್ತಿರ ನಿಧಾನವಾಗುತ್ತದೆ, ಉಸಿರು ಬಿಗಿಹಿಡಿಯುತ್ತೇನೆ, ಬೆರಳು ದಾಟಿ ಹೋಗುತ್ತದೆ – ಇಲ್ಲ. ಮತ್ತೆ ಭುಜದಿಂದ. ಇಲ್ಲೇ ಎಲ್ಲೋ ಇದೆ, ಕಡಲೆಕಾಳಿನಷ್ಟು ತೂತು, ನಾನೇ ಎರಡು ದಿನ ಕೂತು ಮುಚ್ಚಿದ್ದು, ನನ್ನ ಕೈಕೆಲಸ ನನಗೇ ಸಿಗುತ್ತಿಲ್ಲ ಎಂದರೆ ಯಾರು ನಂಬುತ್ತಾರೆ, ಹಾಲು, ಅಯ್ಯೋ ಹಾಲು, ಒಲೆ ಆರಿಸಿದೆ, ಸ್ವಲ್ಪ ಚೆಲ್ಲಿತು, ಆಮೇಲೆ ಒರೆಸಿದರಾಯಿತು, ಮೊಟ್ಟೆ ಬೇಯುತ್ತಿರಲಿ, ಬೆಕ್ಕನ್ನು ಮಾತ್ರ ಮೇಜಿನ ಮೇಲೆ ಬಿಡಬಾರದು, ಇಳಿಯೇ, ಇಳಿ, ನಿನ್ನ ಉಗುರು ಬೇಡ ಇದಕ್ಕೆ – ಅಥವಾ ಬೇಕೇನೋ, ಯಾರಿಗೆ ಗೊತ್ತು. ಹನ್ನೊಂದು ಗಂಟೆಗೆ ಕಾಲೇಜಿನ ಆಫೀಸಿನಲ್ಲಿ ಮೂವರ ಮುಂದೆ ಈ ತೋಳನ್ನು ಹರವಿ, ನೋಡಿ, ಇಲ್ಲಿ ತೂತಿತ್ತು, ಇದು ಯಾರೋ ಬಿಟ್ಟುಹೋದ ಸ್ವೆಟರ್, ನಾವು ಕೊಂಡದ್ದಲ್ಲ ಎಂದು ತೋರಿಸಬೇಕು, ತೋರಿಸಿದರೆ ಮಗಳಿಗೆ ಫೀಸು ಮಾಫಿ, ಹಾಸ್ಟೆಲು, ಐದು ವರ್ಷ ದನ ನಾಯಿ ಬೆಕ್ಕುಗಳ ಡಾಕ್ಟರಿಕೆ ಓದು, ತೋರಿಸಲಾಗದಿದ್ದರೆ ನನ್ನ ಪಕ್ಕದ ಸ್ಟೂಲು. ಆ ಸ್ಟೂಲು ಖಾಲಿಯೇ ಇದೆ, ಲಾಂಡ್ರಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ನಿನ್ನ ಮಗಳ ಬೆರಳು ನಿನ್ನ ಥರಾನೇ ಇದೆ ಕಣಮ್ಮ, ಕಳ್ಸು, ಕಲಿಸೋಣ, ಎಂದು ಅಂಗಡಿಯ ಯಜಮಾನರು ಮೂರು ಸಲ ಹೇಳಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸುತ್ತೇನೆ.

ಭೂತಗನ್ನಡಿ ಎಲ್ಲಿಟ್ಟೆ, ಇಲ್ಲೇ, ಸಕ್ಕರೆ ಡಬ್ಬಿಯ ಹಿಂದೆ, ಇದರಲ್ಲೂ ಎಲ್ಲ ಒಂದೇ ಥರ ಕಾಣುತ್ತದೆ, ನಡುವೆ ಮಾತ್ರ ಒಂದು ಮಬ್ಬು, ಅದು ಸ್ವೆಟರಿನದಲ್ಲ, ನನ್ನ ಕಣ್ಣಿನದು, ಎಲ್ಲಿ ನೋಡಿದರೂ ಜೊತೆಗೇ ಬರುತ್ತದೆ. ಹತ್ತೊಂಬತ್ತು ವರ್ಷ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬೇರೆಯವರ ತೂತು ಮುಚ್ಚಿದ ಕಣ್ಣು. ಒಳಮೈ ತಿರುಗಿಸಿ ನೋಡೋಣ, ನಿನ್ನೆಯೂ ನೋಡಿದ್ದೆ, ಒಳಮೈಯಲ್ಲಾದರೂ ನೂಲಿನ ತುದಿ ಇರಬೇಕಲ್ಲ, ಬೇರೆಯವರು ಹಾಕಿದ್ದರೆ ಗಂಟು ಇರುತ್ತಿತ್ತು, ನಾನು ಗಂಟು ಹಾಕುವವಳಲ್ಲ, ತುದಿಯನ್ನು ಅಕ್ಕಪಕ್ಕದ ಕುಣಿಕೆಗಳೊಳಗೆ ಎಂಟು ಸಲ ಓಡಿಸಿ ಬಿಟ್ಟುಬಿಡುತ್ತೇನೆ, ಎರಡು ಒಗೆತ, ಒಂದು ಹಬೆ, ಆಮೇಲೆ ಅದು ಆ ಬಟ್ಟೆಯದೇ ನೂಲು. ಹಾಗೆಂದು ಜಂಬವಿತ್ತು ನನಗೆ. ಹಬೆಯಣ್ಣ – ನಮ್ಮ ಲಾಂಡ್ರಿಯ ಇಸ್ತ್ರಿಯವನು, ದಿನವಿಡೀ ಹಬೆಯಲ್ಲೇ ನಿಂತಿರುವುದರಿಂದ ಆ ಹೆಸರು – ಇದೇ ತೋಳನ್ನು ಎತ್ತಿ ಹಿಡಿದು, ಅಕ್ಕಾ, ನಿನ್ನ ರಫು ಹುಡುಕೋಕೆ ಪೊಲೀಸ್ ನಾಯಿ ತರ್ಬೇಕು ಅಂದಿದ್ದ, ನಾನು ನಕ್ಕಿದ್ದೆ, ಬಾಯಿ ಮುಚ್ಚಿಕೊಂಡು, ಆದರೆ ಮನಸ್ಸಿನಲ್ಲಿ ಉಬ್ಬಿ ಹೋಗಿದ್ದೆ, ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಮಾತನ್ನೇ ಚಪ್ಪರಿಸಿಕೊಂಡು ಬಂದಿದ್ದೆ.

ಈ ಸ್ವೆಟರಿನ ಗಿರಾಕಿ ಬಂದ ದಿನ ಚೆನ್ನಾಗಿ ನೆನಪಿದೆ, ಚಪ್ಪಲಿ ಹಾಕಿಕೊಂಡು ಬಂದಿದ್ದರು, ತೊಳೆದೂ ತೊಳೆದೂ ಬಣ್ಣ ಹೋದಂಥ ಪ್ಯಾಂಟು, ಬಿಳೀ ಬನಿಯನ್ನಿನಂಥ ಅಂಗಿ, ಎಲ್ಲೂ ಒಂದು ಅಕ್ಷರವಿಲ್ಲ, ಒಂದು ಗೆರೆಯಿಲ್ಲ, ಹಬೆಯಣ್ಣ ತಲೆಯೆತ್ತದೆ, ಸಾಮಾನು ಹಿಂದಗಡೆ ಬಾಗ್ಲಲ್ಲಿ ಇಳ್ಸಪ್ಪಾ ಅಂದುಬಿಟ್ಟಿದ್ದ. ಯಜಮಾನರು ಮಾತ್ರ ಕುರ್ಚಿಯಿಂದ ಎದ್ದು ನಿಂತರು. ಆಮೇಲೆ ಹಬೆಯಣ್ಣನಿಗೆ ಮಂಗಳಾರತಿ, ಎದೆ ಮೇಲೆ ಕಂಪನಿ ಹೆಸರು ಬರ್ಕೊಂಡು ಓಡಾಡೋರು ನಮ್ಮಂಥೋರು ಕಣಯ್ಯಾ, ಇವರಿಗೆ ಬರ್ಕೊಳ್ಳೋ ದರ್ದಿಲ್ಲ, ಗೊತ್ತಾಗ್ಬೇಕಾದೋರಿಗೆ ಗೊತ್ತಾದ್ರೆ ಸಾಕು ಅವರಿಗೆ, ಆ ಪ್ಯಾಂಟಿನ ಹೊಲಿಗೆ ನೋಡಿದ್ಯಾ, ಆ ಅಂಗಿ ಬಟ್ಟೆ ಮುಟ್ಟಿದ್ಯಾ. ನಾನು ಮುಟ್ಟಬೇಕಾಗಿರಲಿಲ್ಲ, ಚೀಲದಿಂದ ಸ್ವೆಟರ್ ಹೊರಗೆ ಬಂದಾಗ ಅದು ಬಿದ್ದ ರೀತಿಯಲ್ಲೇ ತಿಳಿಯಿತು, ಬಟ್ಟೆ ಬೀಳುವ ಹಾಗೆ ಬೀಳಲಿಲ್ಲ, ನಿದ್ದೆ ಹೋದ ಮಗು ತೋಳಿನ ಮೇಲೆ ಭಾರ ಬಿಡುವ ಹಾಗೆ ಮೇಜಿನ ಮೇಲೆ ಇಳಿಯಿತು. ಬೂದು. ಬೀದಿಯಲ್ಲಿ ನೂರು ಜನ ಹಾಕಿಕೊಂಡು ಹೋಗುವ ಬೂದು. ಮುಟ್ಟಿದರೆ ಮಾತ್ರ – ಹೇಗೆ ಹೇಳುವುದು, ಮಗಳ ಕಿವಿಯ ಹಿಂದೆ, ಅವಳು ಎರಡು ತಿಂಗಳವಳಿದ್ದಾಗ, ಅಲ್ಲಿ ಮುಟ್ಟಿದ ಹಾಗೆ. ಎಡ ಮೊಣಕೈಯಲ್ಲಿ ಹುಳು ತಿಂದ ತೂತು. ತೂತು ಎಷ್ಟಿದೆ ಎಂದು ನೋಡುವುದು ಹೀಗೆ, ತೋಳಿನೊಳಗೆ ಕೈ ಹಾಕಿ ಹೆಬ್ಬೆರಳನ್ನು ಒಳಗಿನಿಂದ ತೂತಿಗೆ ಒತ್ತಬೇಕು, ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ ಅದು, ಒತ್ತಿದೆ, ಬೂದು ಉಣ್ಣೆಯ ನಡುವೆ ನನ್ನ ಉಗುರು ಕಾಣಿಸಿತು, ದುಂಡಗೆ, ಗುಲಾಬಿ ಬಣ್ಣ, ಅಂಚಿನಲ್ಲಿ ಸೂಜಿ ಚುಚ್ಚಿದ ಕಪ್ಪು ಗುರುತು, ಬಾಗಿಲ ಸಂದಿಯಿಂದ ಯಾರೋ ಇಣುಕಿ ನೋಡಿದ ಹಾಗೆ. ಒಳಗಡೆ ಹೊಲಿಗೆಯಲ್ಲಿ ಚಿಕ್ಕ ಚೀಲವೊಂದನ್ನು ಹೊಲಿದಿದ್ದರು, ಅದರಲ್ಲಿ ಅದೇ ನೂಲು ಒಂದು ಮಾರು, ಇಂಥ ಬಟ್ಟೆಗಳಿಗೆ ಹಾಗೇ ಕೊಡುತ್ತಾರೆ, ಮುಂದೆ ಹರಿದೀತು ಎಂದು ಮೊದಲೇ ಯೋಚಿಸಿ ಕೊಡುತ್ತಾರೆ, ಹರಿಯುವುದಕ್ಕೂ ಒಂದು ವ್ಯವಸ್ಥೆ. ಆ ನೂಲಿನಲ್ಲೇ ಮುಚ್ಚಿದೆ. ಬೇರೆ ನೂಲಾಗಿದ್ದರೆ ಈಗ ಬಣ್ಣದಲ್ಲಿ ಕೂದಲೆಳೆಯಷ್ಟಾದರೂ ವ್ಯತ್ಯಾಸ ಸಿಗುತ್ತಿತ್ತು. ಆ ಚೀಲವನ್ನಾದರೂ ಇಟ್ಟುಕೊಂಡಿದ್ದರೆ. ಗುಡಿಸಿ ಹಾಕಿದೆ, ನಾನೇ, ಸಂಜೆ ಕಸದ ಜೊತೆ.

ಅಮ್ಮಾ, ನನ್ನ ಕಪ್ಪು ಸಾಕ್ಸ್ ಎಲ್ಲಿ? ಒಣಗಾಕಿದೀನಿ ನೋಡು, ಒದ್ದೆ ಇದ್ರೆ ಹಾಕ್ಕೋಬೇಡ, ಕಂದು ಬಣ್ಣದ್ದು ಹಾಕ್ಕೋ. ಕಂದಲ್ಲಿ ಹೆಬ್ಬೆಟ್ಟು ಹೊರಗೆ ಬರುತ್ತೆ. ಕೊಡು ಇಲ್ಲಿ, ಒಂದು ನಿಮಿಷ. ರಫು ಮಾಡೋಳ ಮಗಳ ಸಾಕ್ಸೇ ತೂತು ಅಂತ ಪೇಪರಲ್ಲಿ ಹಾಕಿಸ್ತೀನಿ ಇರು. ನಗುತ್ತಾಳೆ, ಈಗಲೂ ನಗುತ್ತಾಳೆ ಇವಳು, ಕಾಲೇಜಿನಿಂದ ಕಾಗದ ಬಂದ ದಿನ ಮಾತ್ರ ನಗಲಿಲ್ಲ, ಎರಡು ಸಲ ಓದಿ ಮಡಚಿ ಹಾಲಿನ ಪಾತ್ರೆಯ ಕೆಳಗಿಟ್ಟು ಬೆಕ್ಕಿನ ಕಿವಿಗೆ ಔಷಧಿ ಹಚ್ಚುತ್ತಾ ಕೂತಳು, ಅರ್ಜಿದಾರರು ನಮೂದಿಸಿರುವ ಕುಟುಂಬದ ಪರಿಸ್ಥಿತಿಯು ಸಂದರ್ಶನದಲ್ಲಿ ಕಂಡುಬಂದ ಸಂಗತಿಗಳಿಗೆ ಹೊಂದಿಕೆಯಾಗುತ್ತಿಲ್ಲ, ತಕರಾರಿದ್ದಲ್ಲಿ ಪುರಾವೆಯೊಂದಿಗೆ ಹಾಜರಾಗತಕ್ಕದ್ದು. ಏನು ಕಂಡುಬಂತು, ಏನಿದೆ ನಮ್ಮಲ್ಲಿ ಕಂಡುಬರುವಂಥದ್ದು, ಒಂದು ಕೋಣೆ, ಒಂದು ಅಡುಗೆಮನೆ, ತಂದೆ ಇಲ್ಲ, ತಾಯಿ ಲಾಂಡ್ರಿಯಲ್ಲಿ ರಫು ಕೆಲಸ, ಎಲ್ಲವನ್ನೂ ದುಂಡಗೆ ಬರೆದಿದ್ದಳು ಅರ್ಜಿಯಲ್ಲಿ. ಸ್ವೆಟರ್ ಇರ್ಬೇಕಮ್ಮಾ, ಅಂದಳು ಬೆಕ್ಕಿನ ಕಿವಿಯಿಂದ ಕಣ್ಣೆತ್ತದೆ. ನಡುವೆ ಕೂತಿದ್ದ ಮೇಡಂ ಪ್ರಾಣಿಗಳ ಬಗ್ಗೆ ಚೆನ್ನಾಗಿ ಕೇಳಿದ್ರು, ಹಸುವಿನ ಹೊಟ್ಟೆ ಬಗ್ಗೆ ಕೇಳಿದ್ರು, ಎಲ್ಲ ಹೇಳ್ದೆ, ನಕ್ಕೊಂಡು ತಲೆ ಆಡಿಸ್ತಿದ್ರು, ಆಮೇಲೆ ಸುಮ್ನೆ ನನ್ನನ್ನೇ ನೋಡಿ, ಈ ಸ್ವೆಟರ್ ತುಂಬ ಚೆನ್ನಾಗಿದೆ, ಎಲ್ಲಿ ತಗೊಂಡ್ಯಮ್ಮಾ ಅಂದ್ರು. ನೀನೇನಂದೆ? ಅಮ್ಮ ಕೊಡ್ಸಿದ್ದು ಅಂದೆ.

ಅಮ್ಮ ಕೊಡಿಸಿದ್ದು. ಬೇರೇನು ಹೇಳುತ್ತಾಳೆ, ಹೇಳಬೇಡ ಎಂದವಳು ನಾನು. ಒಂದು ವರ್ಷ ಆ ಗಿರಾಕಿ ಬರಲೇ ಇಲ್ಲ, ಚೀಟಿ ಅಂಟಿಸಿಕೊಂಡು ಸ್ವೆಟರ್ ಮೇಲಿನ ಹಲಗೆಯಲ್ಲಿ ಕೂತಿತ್ತು, ಅಂಥವರಿಗೆ ಒಂದು ಬೂದು ಸ್ವೆಟರ್ ಮರೆತೇ ಹೋಗುತ್ತದೆ, ನನಗೆ ಮರೆಯಲಿಲ್ಲ, ಧೂಳು ಹೊಡೆಯುವ ನೆಪದಲ್ಲಿ ವಾರಕ್ಕೊಮ್ಮೆ ಮುಟ್ಟುತ್ತಿದ್ದೆ. ಒಂದು ದಿನ ಯಜಮಾನರು ಚೀಟಿ ಹರಿದು, ತಗೊಂಡೋಗಮ್ಮಾ, ಹುಡುಗಿಗಾಗುತ್ತೆ, ಆದ್ರೆ ಅಂಗಡಿದು ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ, ನಾಳೆ ಅವರು ಬಂದು ಕೇಳಿದ್ರೆ ನನ್ನ ಅಂಗಡಿ ಹೆಸರು ಹೋಗುತ್ತೆ. ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ, ಚೀಲಕ್ಕೂ ಹಾಕದೆ. ಪುಟ್ಟೀ, ಯಾರಾದ್ರೂ ಕೇಳಿದ್ರೆ ಅಮ್ಮ ಕೊಡ್ಸಿದ್ದು ಅನ್ನು, ಅಷ್ಟೇ. ಯಾರಮ್ಮಾ ಕೇಳ್ತಾರೆ ಈ ಬೂದಿ ಬಣ್ಣದ್ದನ್ನ, ಅಂದಿದ್ದಳು. ಅವಳಿಗೆ ಇಷ್ಟವಿರಲಿಲ್ಲ, ಸಂದರ್ಶನದ ದಿನ ಬೆಳಿಗ್ಗೆ ಅವಳು ತೆಗೆದಿಟ್ಟುಕೊಂಡಿದ್ದು ಕೆಂಪು ಜಾಕೆಟ್ಟು, ಬೀದಿಯ ಗಾಡಿಯಲ್ಲಿ ಕೊಂಡದ್ದು, ಎದೆಯ ಮೇಲೆ ಅಡ್ಡಕ್ಕೆ ಮಿರಿಮಿರಿ ಅಕ್ಷರ, ಒಂದು ಅಕ್ಷರ ಉದುರಿಹೋಗಿ ಏನೆಂದು ಓದಲೂ ಆಗುತ್ತಿರಲಿಲ್ಲ. ನಾನು, ಅದು ಬೇಡ ಕಣೇ, ಅದು ಹಾಕ್ಕೊಂಡು ಹೋದ್ರೆ ದುಡ್ಡಿರೋರ ಮನೆ ಹುಡುಗಿ ಅಂದ್ಕೋತಾರೆ, ಬೂದು ಸ್ವೆಟರ್ ಹಾಕ್ಕೋ, ಸಾದಾ ಇದೆ, ನಮ್ಮ ಥರಾನೇ ಇದೆ, ಅಂದೆ. ನಾನೇ ಅಂದೆ. ತಲೆಯ ಮೇಲಿಂದ ಹಾಕಿ, ಕೂದಲು ಹೊರಗೆ ತೆಗೆದು, ತೋಳು ಎಳೆದು ಸರಿ ಮಾಡಿ.

ಸಾದಾ ಇದೆ ಎಂದೆನಲ್ಲ, ಅದು ನಿಜವೇ? ಈಗ ಮೊಟ್ಟೆಯ ನೀರು ಚೆಲ್ಲುತ್ತಾ, ಯಾರೂ ಕೇಳದಿರುವಾಗಲಾದರೂ ಒಪ್ಪಿಕೋ, ಸಾದಾ ಎಂದು ಹಾಕಿಸಲಿಲ್ಲ ನೀನು. ಅದರ ಮೃದುತನ ಅವಳ ಮೈಗೆ ತಾಕಲಿ ಎಂದು ಹಾಕಿಸಿದೆ. ಹದಿನೆಂಟು ವರ್ಷ ಚುಚ್ಚುವ ಬಟ್ಟೆಯನ್ನೇ ಹಾಕಿಕೊಂಡವಳು ಒಂದು ದಿನ, ಬದುಕಿನ ದೊಡ್ಡ ದಿನ, ಅಂಥದ್ದರೊಳಗೆ ಬೆಚ್ಚಗೆ ಕೂರಲಿ ಎಂದು. ಅದಿಷ್ಟೇ ಅಲ್ಲ, ಇನ್ನೂ ಇದೆ, ಎಲ್ಲರಿಗೂ ಸಾದಾ ಕಾಣುತ್ತದೆ, ಆದರೆ ಅಲ್ಲಿ ಕೂತವರಲ್ಲಿ ಗೊತ್ತಿರುವವರು ಯಾರಾದರೂ ಇದ್ದರೆ, ಒಂದು ಕ್ಷಣ, ನನ್ನ ಮಗಳನ್ನು ತಮ್ಮವಳ ಹಾಗೆ ನೋಡಲಿ ಎಂದು, ಅಷ್ಟು ದೂರ ಹೋಗಿತ್ತು ನನ್ನ ಮನಸ್ಸು, ಇಷ್ಟು ಸಣ್ಣ ಆಸೆ, ಕಡಲೆಕಾಳಿನಷ್ಟು. ನೋಡಿದರು. ಗೊತ್ತಿರುವವರೊಬ್ಬರು ಇದ್ದರು, ನೋಡಿದರು, ತಮ್ಮವಳೆಂದೇ ತಿಳಿದುಕೊಂಡರು, ಹೆಸರು ಹೊಡೆದು ಹಾಕಿದರು.

ಕತ್ತರಿ ಕೈಯಲ್ಲಿ ಯಾವಾಗ ಬಂತು, ಸಾಕ್ಸಿಗೆ ದಾರ ಕತ್ತರಿಸಲು ತೆಗೆದದ್ದು, ಚಿಕ್ಕದು, ಮೊನಚು, ಎಡ ಮೊಣಕೈಯ ಮೇಲೆ ಇಟ್ಟು ನೋಡುತ್ತೇನೆ, ಒಂದೇ ಒಂದು ಕುಣಿಕೆ ಕತ್ತರಿಸಿದರೆ ಸಾಕು, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ, ತೂತು ಬೇಕಲ್ಲವೇ ಅವರಿಗೆ, ಕೊಡುತ್ತೇನೆ. ಆಗುವುದಿಲ್ಲ. ಕತ್ತರಿ ಹಾಕಿದ ತೂತಿನ ಅಂಚೇ ಬೇರೆ, ಹುಳು ತಿಂದದ್ದರ ಅಂಚೇ ಬೇರೆ, ನೂಲಿನ ತುದಿ ತಾಜಾ ಇರುತ್ತದೆ, ಬೆಳ್ಳಗೆ, ಬೇರೆ ಯಾರಿಗಾದರೂ ತಿಳಿಯದು, ಬೀದಿಯ ನೂರು ಬೂದುಗಳ ನಡುವೆ ಇದೊಂದನ್ನು ಗುರುತು ಹಿಡಿದ ಹೆಂಗಸಿಗೆ ತಿಳಿಯುತ್ತದೆ. ಆಗ ಸುಳ್ಳಿ ಎನ್ನುತ್ತಾರೆ, ಈಗ ಬರೀ ಅನುಮಾನ. ಅಮ್ಮಾ, ಏನ್ ಮಾಡ್ತಿದೀಯ? ಬಾಗಿಲಲ್ಲಿ ನಿಂತಿದ್ದಾಳೆ, ಒಂದು ಕಾಲಿಗೆ ಸಾಕ್ಸ್, ಒಂದು ಕಾಲು ಬರಿ. ಏನಿಲ್ಲ. ಕತ್ತರಿ ಇಡು. ಇಟ್ಟೆ. ಬಂದು ಪಕ್ಕದಲ್ಲಿ ಕೂತು ಸ್ವೆಟರಿನ ತೋಳನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಳ್ಳುತ್ತಾಳೆ, ಕಣ್ಣು ಮುಚ್ಚಿ ಹುಡುಕುತ್ತಾಳೆ, ಕೆನ್ನೆಯಿಂದ, ಬೆರಳಿಗಿಂತ ಕೆನ್ನೆಗೆ ಚೆನ್ನಾಗಿ ಗೊತ್ತಾಗುತ್ತೆ ಅಮ್ಮಾ, ಕರುವಿನ ಜ್ವರ ಹೀಗೇ ನೋಡ್ತಾರೆ. ನಾನು ಅವಳ ಮುಖ ನೋಡುತ್ತೇನೆ, ಹುಬ್ಬು ಗಂಟಿಕ್ಕುತ್ತದೆ, ಸಡಿಲವಾಗುತ್ತದೆ. ಸಿಗ್ತಾ? ಇಲ್ಲ. ನೀನು ಇದನ್ನ ಇಷ್ಟು ಚೆನ್ನಾಗಿ ಮಾಡ್ಬಾರ್ದಿತ್ತು, ಎಂದು ನಗಲು ಹೋದಳು, ಅರ್ಧಕ್ಕೇ ನಿಂತಿತು. ತಿನ್ನು, ಮೊಟ್ಟೆ ಆರುತ್ತೆ, ಅಂದೆ. ನಂಗೆ ಬೇಡ. ತಿನ್ನೇ, ಖಾಲಿ ಹೊಟ್ಟೇಲಿ ಹೋಗ್ಬಾರ್ದು.

ಬಸ್ಸಿನಲ್ಲಿ ಎಲ್ಲರ ಮೊಣಕೈಗಳು ಕಾಣುತ್ತವೆ, ಮೇಲಿನ ಕಂಬಿ ಹಿಡಿದುಕೊಂಡ ಮೊಣಕೈಗಳು, ನೀಲಿ, ಕಪ್ಪು, ಸವೆದದ್ದು, ತೇಪೆ ಹಾಕಿದ್ದು, ಆ ಮುದುಕರ ಕೋಟಿನ ತೇಪೆ ಎಷ್ಟು ಚೆಂದ ಕಾಣುತ್ತಿದೆ, ಬೇರೆ ಬಣ್ಣದ ದಾರ, ದೊಡ್ಡ ದೊಡ್ಡ ಹೊಲಿಗೆ, ಯಾರು ಹಾಕಿದರೋ, ಹೆಂಡತಿಯೋ, ಸೊಸೆಯೋ, ದೂರದಿಂದಲೇ ಹೇಳುತ್ತದೆ, ಇದು ಹರಿದಿತ್ತು, ಇವರಿಗೆ ಹೊಸದು ಕೊಳ್ಳಲು ಆಗಲಿಲ್ಲ ಎಂದು, ಯಾವ ಪುರಾವೆಯೂ ಬೇಡ. ಅಂಥ ಹೊಲಿಗೆ ಹಾಕಿದ್ದಕ್ಕೆ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಯಜಮಾನರು ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದಿದ್ದರು, ಕಾಣುತ್ತೆ ಕಣಮ್ಮಾ ಕಾಣುತ್ತೆ, ಕಾಣಿಸೋದಕ್ಕೆ ನಿನ್ನನ್ನ ಯಾಕೆ ಇಟ್ಕೋಬೇಕು ನಾನು. ಕಾಣಿಸದಂತೆ ಕಲಿತೆ. ಮೊನ್ನೆ ಅವರ ಮುಂದೆಯೇ ನಿಂತೆ, ಎರಡು ಸಾಲು ಬರೆದುಕೊಡಿ ಯಜಮಾನ್ರೇ, ಇದು ಅಂಗಡಿಯಲ್ಲಿ ಉಳಿದದ್ದು, ನಾನು ಕೊಟ್ಟದ್ದು ಅಂತ. ತಲೆ ಕೆರೆದುಕೊಂಡರು, ಗಲ್ಲಾದ ಮುಚ್ಚಳ ತೆಗೆದು ಮುಚ್ಚಿದರು, ಬರೆದದ್ದು ಬರೆದದ್ದೇ ಕಣಮ್ಮಾ, ಗಿರಾಕಿ ವಸ್ತು ನಾನು ಹಂಚಿಬಿಟ್ಟೆ ಅಂತ ನಾನೇ ಬರೆದು ಸಹಿ ಹಾಕೋದಾ, ಆಮೇಲೆ ಯಾರು ಬರ್ತಾರೆ ನನ್ನ ಅಂಗಡಿಗೆ, ಆ ಜನ ಎಲ್ಲ ಒಬ್ಬರಿಗೊಬ್ಬರು ಪರಿಚಯದೋರು. ಫೋನ್ ಮಾಡಿ ಕೇಳಿದ್ರೂ ನಂಗೊತ್ತಿಲ್ಲ ಅಂತೀನಿ, ಬೇಜಾರು ಮಾಡ್ಕೋಬೇಡ. ಆಮೇಲೆ ದನಿ ತಗ್ಗಿಸಿ, ನಿನ್ನ ರಫು ತೋರ್ಸು, ಸಾಕು, ಹರಿದಿದ್ದು ನೋಡಿದ್ರೆ ಅವರಿಗೇ ತಿಳಿಯುತ್ತೆ, ದುಡ್ಡಿರೋರು ಹರಿದಿದ್ದು ಹಾಕ್ಕೊಂಡು ಬರ್ತಾರಾ. ಅವರೂ ಮರೆತಿದ್ದರು. ನನಗೆ ಕಲಿಸಿದವರೇ ಮರೆತಿದ್ದರು.

ಬೆಂಚು ತಣ್ಣಗಿದೆ, ಉದ್ದನೆಯ ಮೊಗಸಾಲೆ, ಗೋಡೆಯ ಮೇಲೆ ಕುದುರೆಯ ಅಸ್ಥಿಪಂಜರದ ಚಿತ್ರ, ಮಗಳು ಅದನ್ನೇ ನೋಡುತ್ತಾ ತುಟಿಯೊಳಗೇ ಮೂಳೆಗಳ ಹೆಸರು ಹೇಳಿಕೊಳ್ಳುತ್ತಿದ್ದಾಳೆ, ಇವತ್ತು ಅವಳು ಹಾಕಿಕೊಂಡಿರುವುದು ಹಳೇ ಶಾಲೆಯ ಕೋಟು, ಮಣಿಕಟ್ಟಿನ ಮೇಲಕ್ಕೇ ನಿಂತಿದೆ, ಈಗ ನೋಡಿದರೆ ಬಡವರ ಮಗಳೇ, ಆ ದಿನ ಇದನ್ನೇ ಹಾಕಿಸಿದ್ದರೆ. ಸ್ವೆಟರ್ ನನ್ನ ತೊಡೆಯ ಮೇಲಿದೆ, ಮಡಿಕೆಯೊಳಗೆ ಕೈ ತೂರಿಸಿ ಹುಡುಕುತ್ತಲೇ ಇದ್ದೇನೆ, ಬೆರಳ ತುದಿ ಜೋಮು ಹಿಡಿದಿದೆ, ಕೊಕ್ಕೆ ಸೂಜಿಯೂ ಚೀಲದಲ್ಲಿದೆ, ಬೇಕಾದೀತು. ನಮ್ಮ ಪಕ್ಕ ಇನ್ನೊಬ್ಬ ತಾಯಿ ಕೂತಿದ್ದಾಳೆ, ಅವಳ ಪಕ್ಕ ಇವಳ ವಯಸ್ಸಿನದೇ ಇನ್ನೊಂದು ಮಗು, ಅವರ ಪುರಾವೆ ಕಾಗದದ ಕವರಿನಲ್ಲಿದೆ, ಕಾಗದವಾದರೆ ಒಳ್ಳೆಯದು, ಕಾಗದದಲ್ಲಿ ಬರೆದದ್ದು ಕಾಣುತ್ತದೆ. ಬಾಗಿಲು ತೆರೆಯಿತು, ಒಳಗೆ ಬನ್ನಿ. ಎದ್ದೆ. ಉದ್ದ ಮೇಜು, ಮೂವರು, ಬಲಕ್ಕೆ ಟೈ ಕಟ್ಟಿದವರೊಬ್ಬರು, ಎಡಕ್ಕೆ ಬರೆದುಕೊಳ್ಳುವವರು, ನಡುವೆ ಆ ಮೇಡಂ, ನಾನು ಅಂದುಕೊಂಡಂತಿಲ್ಲ, ಅಮ್ಮನಂಥ ಮುಖ, ಮೂಗಿನ ಮೇಲೆ ಕನ್ನಡಕದ ಗುರುತು, ಹಾಕಿಕೊಂಡಿರುವುದು ಕಡು ನೀಲಿಯ ಗುಂಡಿ ಸ್ವೆಟರ್, ಏನೂ ಇಲ್ಲದ್ದು, ಎಲ್ಲೂ ಒಂದು ಅಕ್ಷರವಿಲ್ಲ, ಭುಜದ ಮೇಲೆ ಅದು ಕೂತಿರುವ ರೀತಿ – ಬಾಗಿಲಲ್ಲೇ ತಿಳಿಯಿತು. ಅದೇ ಜಾತಿಯ ಉಣ್ಣೆ. ಗೊತ್ತಾಗದೆ ಇರುತ್ತದೆಯೇ ಅವರಿಗೆ, ಹತ್ತೊಂಬತ್ತು ವರ್ಷ ಬೆರಳಿನಿಂದ ನಾನು ಕಲಿತದ್ದನ್ನು ಅವರು ಮೈಯಿಂದ ಕಲಿತಿದ್ದಾರೆ. ಕೂತ್ಕೊಳ್ಳಿ, ತೋರ್ಸಿ. ಹರವಿದೆ. ಇದೇ ಮೇಡಂ, ಈ ಎಡ ತೋಳು, ಹುಳು ತಿಂದು ತೂತಾಗಿತ್ತು, ನಾನೇ ರಫು ಹಾಕಿದ್ದು, ಯಾರೋ ಬೇಡ ಅಂತ ಬಿಟ್ಟಿದ್ದು, ನಾವು ಕೊಂಡಿದ್ದಲ್ಲ. ಎಲ್ಲಿ? ಇಲ್ಲಿ. ಇಲ್ಲಿ ಅಂದ್ರೆ? ಕನ್ನಡಕ ಹಾಕಿಕೊಂಡರು, ಬಾಗಿದರು, ಅವರ ಬೆರಳೂ ನನ್ನ ಬೆರಳಿನ ಹಾಗೇ ಭುಜದಿಂದ ಇಳಿಯಿತು, ಮೊಣಕೈಯ ಹತ್ತಿರ ನಿಧಾನವಾಯಿತು, ದಾಟಿತು, ಮತ್ತೆ ಭುಜದಿಂದ, ಅವರು ಮನಸ್ಸಿಟ್ಟೇ ಹುಡುಕುತ್ತಿದ್ದಾರೆ, ಸಿಗಲಿ ಎಂದೇ ಹುಡುಕುತ್ತಿದ್ದಾರೆ, ಅದು ನನಗೆ ಕಾಣುತ್ತಿದೆ, ಎದ್ದು ಕಿಟಕಿಗೆ ಹೋಗಿ ತೋಳನ್ನು ಬೆಳಕಿಗೆ ಹಿಡಿದರು.

ಟೈಯವರು ಗಡಿಯಾರ ನೋಡಿ, ನಂಗಂತೂ ಮಾಮೂಲಿ ಸ್ವೆಟರ್ ಥರ ಕಾಣುತ್ತಪ್ಪಾ, ಇದಕ್ಕೆ ಇಷ್ಟೆಲ್ಲ ಯಾಕೆ, ಅಂದರು. ನಿಮಗೆ ಹಾಗೇ ಕಾಣ್ಬೇಕು ಸಾರ್, ಅದಕ್ಕೇ ಇದಕ್ಕೆ ಅಷ್ಟು ಬೆಲೆ, ಅಂದರು ಮೇಡಂ, ನಗದೆ. ಒಂದು ಗಂಟೆ ಕೊಡಿ ಮೇಡಂ, ಸೂಜಿ ತಂದಿದೀನಿ, ನಿಮ್ಮೆದುರಿಗೇ ಒಂದೇ ಕುಣಿಕೆ ಕತ್ತರ್ಸಿ ಮುಚ್ಚಿ ತೋರಿಸ್ತೀನಿ, ನೀವೇ ಹುಡುಕಿ ಆಮೇಲೆ. ನಿಮಗೆ ರಫು ಬರುತ್ತೆ ಅಂತ ಗೊತ್ತಾಗುತ್ತೆ ಅಮ್ಮಾ, ಇದಕ್ಕೆ ಹಾಕಿದ್ರಿ ಅಂತ ಹೇಗೆ ಗೊತ್ತಾಗ್ಬೇಕು? ದನಿಯಲ್ಲಿ ಬಿರುಸಿಲ್ಲ, ಬಿರುಸಾದರೂ ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಹಿಂದಿನಿಂದ ಮಗಳು, ಲಾಂಡ್ರಿದು ಮೇಡಂ ಅದು, ಅಮ್ಮ ಕೆಲಸ ಮಾಡೋ ಕಡೆದು, ಅವತ್ತು ನಾನೇ ಸುಳ್ಳು ಹೇಳಿದ್ದು, ಅಮ್ಮಂದೇನೂ ತಪ್ಪಿಲ್ಲ. ಯಾವ ಲಾಂಡ್ರಿ, ನಂಬರ್ ಹೇಳಿ, ಈಗ್ಲೇ ಕೇಳಿಬಿಡೋಣ, ಬರೆದುಕೊಳ್ಳುವವರು ಪೆನ್ನೆತ್ತಿದರು, ಮೇಡಂ ಮುಖ ಅರಳಿತು, ನಿಜಕ್ಕೂ ಅರಳಿತು, ಎಲ್ಲ ಮುಗಿಯಬಹುದು ಎಂಬಂತೆ. ನಂಗೊತ್ತಿಲ್ಲ ಅಂತೀನಿ. ಗಲ್ಲಾದ ಮುಚ್ಚಳ. ಯಜಮಾನರು ಗೊತ್ತಿಲ್ಲ ಎಂದ ಸ್ವೆಟರ್ ನನ್ನ ಮನೆಗೆ ಬಂದದ್ದು ಹೇಗೆ, ಹೇಳಿದರೆ ಕದ್ದದ್ದು, ಹೇಳದಿದ್ದರೆ ಕೊಂಡದ್ದು, ಕದ್ದವಳ ಮಗಳಿಗಿಂತ ಕೊಂಡವಳ ಮಗಳೇ ವಾಸಿ, ಇನ್ನೆಲ್ಲಾದರೂ ಬೇರೆ ಕಡೆ ಅರ್ಜಿ ಹಾಕಬಹುದು, ನಾಳೆ ಆ ಲಾಂಡ್ರಿಗೇ ಹೋಗಬೇಕು ನಾನು, ಮಗಳು ನನ್ನನ್ನೇ ನೋಡುತ್ತಿದ್ದಾಳೆ, ಹೇಳಮ್ಮಾ, ನಂಬರ್ ಹೇಳು. ನಂಬರ್... ನೆನಪಿಲ್ಲ ಮೇಡಂ. ಪೆನ್ನು ಕೆಳಗಿಳಿಯಿತು. ಮಗಳು ಮುಖವನ್ನು ಹೊರಗೆ ಮೊಗಸಾಲೆಯಲ್ಲಿ ಕುದುರೆಯ ಚಿತ್ರವಿದ್ದ ಕಡೆಗೆ ತಿರುಗಿಸಿದಳು, ಇಲ್ಲಿ ಚಿತ್ರವಿಲ್ಲ, ಬರೀ ಗೋಡೆ.

ನೋಡಿ, ನಿಮ್ಮನ್ನ ಸುಳ್ಳು ಅಂತಿಲ್ಲ ನಾನು, ಆದ್ರೆ ಹೊರಗೆ ಇನ್ನೂ ಮಕ್ಕಳು ಕೂತಿದ್ದಾರೆ, ಇರೋದು ಒಂದೇ ಜಾಗ. ಹೌದು, ಆ ಮಗುವನ್ನು ನೋಡಿದೆ, ಕಾಗದದ ಕವರಿನ ತಾಯಿಯನ್ನೂ ನೋಡಿದೆ. ಮೇಡಂ ಸ್ವೆಟರನ್ನು ಮಡಚುತ್ತಿದ್ದಾರೆ, ಹೇಗೆ ಮಡಚಬೇಕೆಂದು ಅವರಿಗೆ ಗೊತ್ತು, ತೋಳು ಒಳಗೆ, ಭುಜದ ಹೊಲಿಗೆ ಸಮ, ಅಂಗೈಯಿಂದ ಒಮ್ಮೆ ಸವರಿ, ತಡೆಯಲಾರದೆ ಅಂದರು, ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ, ಹೊಸದರ ಹಾಗೇ ಇದೆ. ಹೊಸದರ ಹಾಗೇ ಇದೆ. ಹತ್ತೊಂಬತ್ತು ವರ್ಷ ಹಿಂದಿನ ಕೋಣೆಯಲ್ಲಿ ಕೂತು ಯಾವ ಗಿರಾಕಿಯ ಬಾಯಿಂದಲೂ ನೇರವಾಗಿ ಕೇಳಿಸಿಕೊಳ್ಳದ ಮಾತು, ಮುಂದಿನ ಕೋಣೆಯಿಂದ ಪರದೆಯಾಚೆ ಕೇಳಿಸಿದರೂ ಸಾಕು ಎಂದು ಕಿವಿಗೊಟ್ಟ ಮಾತು. ಒಂದ್ನಿಮಿಷ ಮೇಡಂ, ಕೊಡಿ, ಒಂದೇ ನಿಮಿಷ, ಇದೆ, ಇಲ್ಲೇ ಇದೆ, ಕಿತ್ತುಕೊಂಡ ಹಾಗೆ ತೆಗೆದುಕೊಂಡೆ, ಮಡಿಕೆ ಬಿಚ್ಚಿತು, ತೋಳಿನೊಳಗೆ ಕೈ ಹಾಕಿದೆ, ಭುಜದ ತನಕ, ಕುರುಡಾಗಿ, ಮೊಣಕೈಯ ಹತ್ತಿರ ಹೆಬ್ಬೆರಳು ಎತ್ತಿ ಒಳಗಿನಿಂದ ಒತ್ತಿದೆ, ಹೀಗೆ ಇತ್ತು ಮೇಡಂ, ಇಷ್ಟೇ ದೊಡ್ಡದು, ಇಲ್ಲಿ ನನ್ನ ಉಗುರು ಕಾಣಿಸ್ತಿತ್ತು, ಅಮ್ಮಾ ಸಾಕು ಬಾ, ಇರೇ, ದುಂಡಗೆ ಕಾಣಿಸ್ತಿತ್ತು, ಅಂಚಿನಲ್ಲಿ ಕಪ್ಪು ಗುರುತು, ಅಮ್ಮಾ ಎಲ್ಲರೂ ನೋಡ್ತಿದಾರೆ, ನೋಡಲಿ, ನೋಡಬೇಕು, ಇನ್ನೂ ಜೋರಾಗಿ ಒತ್ತುತ್ತೇನೆ, ಬೂದು ಉಣ್ಣೆ ಉಬ್ಬುತ್ತದೆ, ಮೆತ್ತಗೆ, ಬೆಚ್ಚಗೆ, ಒಂದು ಕುಣಿಕೆಯೂ ಬಾಯಿ ಬಿಡುವುದಿಲ್ಲ, ಒಳಗೆ ನನ್ನ ಹೆಬ್ಬೆರಳಿದೆ, ಒತ್ತುತ್ತಿದೆ, ಉಗುರು ಕಾಣುತ್ತಿಲ್ಲ, ಉಗುರು ಕಾಣುತ್ತಿಲ್ಲ